ಇಪ್ಪತ್ತಕ್ಕೊಂದು ಹರಳು

2023ರ ಡಿಸೆಂಬರಿನಲ್ಲಿ ನಾನು ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಒಂದು ಕನ್ನಡ ಶಾಲೆಯಲ್ಲಿ ಗಣಿತ ಶಿಕ್ಷಕನಾಗಿದ್ದೆ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಬಾರಿ ನನ್ನ ಪ್ರಬಂಧವೊಂದು ಸಾಂಗಲಿಯ ಗಣಿತ ಶಿಕ್ಷಕರ ಸಮ್ಮೇಳನಕ್ಕೆ ಆಯ್ಕೆಯಾಗಿತ್ತು. ವಿಷಯ, ಕುರುಬರ ಎಣಿಕೆ. ಕುರಿ ಹಟ್ಟಿಗೆ ಬರುವಾಗ ಇಪ್ಪತ್ತಕ್ಕೊಂದು ಹರಳು ಇಡುವ ಪದ್ಧತಿ. ಹತ್ತರ ಬದಲು ಇಪ್ಪತ್ತರ ಗುಂಪಿನಲ್ಲಿ ಎಣಿಸುವ ಇದನ್ನು ಗಣಿತದಲ್ಲಿ ಬೇಸ್ ಟ್ವೆಂಟಿ ಎನ್ನುತ್ತಾರೆ. ನನಗೆ ಅದನ್ನು ತೋರಿಸಿದವನು ವಳಸಂಗದ ಕುರುಬ ಬೀರಪ್ಪ. ಇದೊಂದು ಚಲೋ ಆದರೆ ಜಿಲ್ಲೆಯಲ್ಲಿ ನಮ್ಮ ಸಾಲಿಯ ಹೆಸರು ಬರುತ್ತದೆ ಎಂದು ಮುಖ್ಯಾಧ್ಯಾಪಕರು ಹೇಳಿ ಕಳಿಸಿದ್ದರು.

ಜತ್ತ ಸ್ಟ್ಯಾಂಡಿನಲ್ಲಿ ಸಾಂಗಲಿ ಬಸ್ಸು ಹತ್ತಿದೆ. ಬೀರಪ್ಪ ಅಲ್ಲೇ ಹತ್ತಿದನೋ ಮುಂದಿನ ಸ್ಟಾಪಿನಲ್ಲೋ, ಹೇಳಲಾರೆ. ಪಕ್ಕದ ಸೀಟಿಗೆ ಮೊದಲು ಒಂದು ಕಂಬಳಿ ಬಂತು, ಆಮೇಲೆ ಅವನು. ಕವಠೆಮಹಾಂಕಾಳದ ಕಡೆ ಮೇಯುತ್ತಿದ್ದ ತನ್ನ ಕುರಿಗಳತ್ತ ಹೊರಟಿದ್ದ. ನಾನು ಹೆಮ್ಮೆಯಿಂದ ಪ್ರಬಂಧದಲ್ಲಿ ಬರೆದಿದ್ದ ಹರಳುಗಳ ಚಿತ್ರ ತೋರಿಸಿದೆ.

"ಇದು ಯಾರದ್ರಿ?" ಎಂದ.

"ನಿಂದ ಅಲ್ಲೇನೋ, ಹರಳ ಇಟ್ಟ ಎಣಸೂದು."

ಬೀರಪ್ಪ ನಕ್ಕ. "ಕುರಿ ಎಣಸಬಾರದ್ರಿ ಸರ್, ದೃಷ್ಟಿ ಆಗ್ತದ. ಹರಳ ಇಟ್ಟ ಎಣಸ್ತೀ ಏನೋ ಅಂತ ನೀವ ಕೇಳಿದ್ರಿ. ಸಾಲಿ ಸರ್ ಅಷ್ಟ ದೂರ ಬಂದ ಕೇಳೂಮುಂದ ಇಲ್ಲ ಅನ್ನೂದ ಹೆಂಗ್ರಿ?"

"ಮತ್ತ ಒಂದ ಕಮ್ಮಿ ಆದ್ರ ಹೆಂಗ ತಿಳೀತದ?"

"ಮನ್ಯಾಗ ಎಲ್ಲಾರೂ ಊಟಕ್ಕ ಕುಂತಾಗ ನೀವೇನ ಎಣಸ್ತೀರೇನ್ರಿ? ಬರಲಾರದವರ ಮಾರಿ ಗೊತ್ತಾಗೂದಿಲ್ಲೇನು?"

ಅವನು ಇಳಿದ ಮೇಲೆ, ವಳಸಂಗದಲ್ಲಿ ಬರೆದುಕೊಂಡಿದ್ದ ಟಿಪ್ಪಣಿ ಪುಸ್ತಕ ತೆಗೆದೆ. ತಾರೀಖು ಇತ್ತು, ಹರಳುಗಳಿದ್ದವು, ಬೀರಪ್ಪನ ಉತ್ತರಗಳಿದ್ದವು. ನಾನು ಕೇಳಿದ ಒಂದು ಪ್ರಶ್ನೆಯೂ ಇರಲಿಲ್ಲ. ನನ್ನ ನೆನಪಿನಲ್ಲಿ ಅವನು ಮೊದಲು ಹರಳು ಇಡುತ್ತಾನೆ, ನಾನು ಆಮೇಲೆ ಕೇಳುತ್ತೇನೆ. ಅವನ ನೆನಪಿನಲ್ಲಿ ಅದು ತಿರುವುಮುರುವು. ಇಪ್ಪತ್ತು ಎಂಬ ಸಂಖ್ಯೆ ಯಾರ ಬಾಯಿಂದ ಬಂತು? ಮೀರಜ ದಾಟಿದರೂ ಗೊತ್ತಾಗಲಿಲ್ಲ. ಪ್ರಬಂಧದ ಹದಿನಾಲ್ಕು ಪುಟ ತೊಡೆಯ ಮೇಲೆ ಹಾಗೇ ಇದ್ದವು.

ಸಮ್ಮೇಳನದಲ್ಲಿ ನನಗೆ ಕೊಟ್ಟಿದ್ದು ಹನ್ನೆರಡು ನಿಮಿಷ. ಶೀರ್ಷಿಕೆ ಓದಿದೆ. ಮುಂದೆ ಓದಲಾಗಲಿಲ್ಲ. ಬಸ್ಸಿನಲ್ಲಿ ನಡೆದದ್ದನ್ನು ನನಗೆ ಬರುವ ಮರಾಠಿಯಲ್ಲಿ ಹೇಳಿದೆ. ಹಾಗಾದರೆ ನಿಮ್ಮ ತೀರ್ಮಾನವೇನು ಎಂದು ಅಧ್ಯಕ್ಷರು ಕೇಳಿದರು. ಗೊತ್ತಿಲ್ಲ ಎಂದೆ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದಂತೆ ನೆನಪು. ಕುರ್ಚಿ ಸರಿಸಿದ ಸದ್ದೂ ಇರಬಹುದು. ಸಮ್ಮೇಳನದ ಪುಸ್ತಕ ಅಚ್ಚಾಗಿ ಬಂದಾಗ ಅದರಲ್ಲಿ ನನ್ನ ಪ್ರಬಂಧವಾಗಲಿ, ನಮ್ಮ ಶಾಲೆಯ ಹೆಸರಾಗಲಿ ಇರಲಿಲ್ಲ. ಮುಖ್ಯಾಧ್ಯಾಪಕರು ಅದನ್ನು ಎರಡು ಸಲ ತಿರುವಿ ಕಪಾಟಿನಲ್ಲಿಟ್ಟರು.

ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬಾರದು. ನೌಕರಿ ಕಲಿಸಿದ ಪಾಠ ಅದು ಎಂದು ಬರೆಯಬಹುದು. ಕಲಿತೆ ಎನ್ನಲು ಧೈರ್ಯವಿಲ್ಲ. ಸಾಂಗಲಿಯಿಂದ ಮರಳಿದ ಸೋಮವಾರವೇ ಏಳನೇ ತರಗತಿಯಲ್ಲಿ ಭಿನ್ನರಾಶಿ ಕೂಡಿಸಿ ತೋರಿಸಿ, "ತಿಳೀತಲ್ಲ?" ಎಂದೆ. ಮೂವತ್ತೆರಡು ಮಕ್ಕಳು ಒಂದೇ ಧ್ವನಿಯಲ್ಲಿ "ಹೌದ್ರಿ ಸರ್" ಅಂದರು. ತಿರುಗಿ ಬೋರ್ಡು ನೋಡಿದೆ. ಅರ್ಧಕ್ಕೆ ಮೂರರಲ್ಲೊಂದು ಪಾಲು ಕೂಡಿಸಿ ಐದರಲ್ಲೆರಡು ಪಾಲು, ಅಂದರೆ ಅರ್ಧಕ್ಕಿಂತ ಕಡಿಮೆ, ಎಂದು ಬರೆದಿದ್ದೆ.

ನಿಮ್ಮನ್ನು ಪರೀಕ್ಷೆ ಮಾಡಲು ಬೇಕಂತಲೇ ಬರೆದೆ ಎಂದು ಮಕ್ಕಳಿಗೆ ಹೇಳಿದೆ. ಈಗ ನನಗೂ ಹಾಗೇ ನೆನಪು.