ಹೊಸ್ತಿಲಿನಿಂದ ನೋಡಿದ ಲೆಕ್ಕ

"ನಪಾಸು!" ಎಂದರು ಮೇಷ್ಟ್ರು, ಹೊಸ್ತಿಲಲ್ಲೇ ನಿಂತು. ಜಗಲಿಯ ನೆಲದ ಮೇಲಿದ್ದ ಸ್ಲೇಟನ್ನು ಅವರು ಬಗ್ಗಿಯೂ ನೋಡಿರಲಿಲ್ಲ. ಅದು ಹರಿಜನ ಕೇರಿಯ ಹುಲಿಗೆವ್ವಳದು. ಕಂಪ್ಲಿ ಕಡೆಯ ಆ ಬೋರ್ಡ್ ಶಾಲೆಯಲ್ಲಿ ಒಳಗೆ ಕೂತವರ ಸ್ಲೇಟುಗಳನ್ನು ಮೇಷ್ಟ್ರು ಕೈಯಲ್ಲಿ ಹಿಡಿದು ತಿದ್ದುತ್ತಿದ್ದರು; ಜಗಲಿಯ ಮಕ್ಕಳದನ್ನು ಮುಟ್ಟುತ್ತಿರಲಿಲ್ಲ.

ಅಕ್ಕನ ಮಗನನ್ನು ಕರೆತರಲು ಹೋಗಿದ್ದ ನಾನು ಕೇಳಿಯೇಬಿಟ್ಟೆ: "ಓದಿ ನೋಡದೇ ನಪಾಸು ಅಂದ್ರ ಹೆಂಗ್ರಿ?"

"ಬರೆದಿದ್ದು ಸಣ್ಣದು, ಇಲ್ಲಿಂದ ಕಾಣಂಗಿಲ್ಲ."

"ಕೈಯಾಗ ತಗೊಂಡು ನೋಡ್ರಿ."

"ಆಮ್ಯಾಲೆ ನನ್ನ ಸ್ನಾನಕ್ಕ ನೀರು ನೀವು ಕಾಸ್ತೀರೇನು?"

ಒಳಗಿನ ಮಕ್ಕಳು ನಕ್ಕರು. ನಾನೇ ಸ್ಲೇಟು ಎತ್ತಿ ನೋಡಿದೆ. ಭಾಗಾಕಾರ ಪೂರ್ತಿ ಸರಿಯಾಗಿತ್ತು. ಹಾಗೆಂದು ಹೇಳಿದ್ದಕ್ಕೆ, "ಪರೀಕ್ಷೆ ಮಾಡೋನು ನಾನೋ ನೀವೋ?" ಎಂದರು ಮೇಷ್ಟ್ರು.

ನಮ್ಮ ವಾದ ಮುಗಿಯುವವರೆಗೆ ಹುಲಿಗೆವ್ವ ಕಾಯಲಿಲ್ಲ. ಈ ಸಲವೂ ಪಾಸಾಗದಿದ್ದರೆ ಶಾಲೆ ಬಿಡಿಸುತ್ತೇನೆಂದು ಅವಳ ಅಪ್ಪ ಹೇಳಿದ್ದನಂತೆ. ಸ್ಲೇಟು ಕಸಿದುಕೊಂಡು ಎಲ್ಲ ಒರೆಸಿದಳು; ಬರೀ ಉತ್ತರವನ್ನು ಸ್ಲೇಟಿನ ತುಂಬ ದೊಡ್ಡದಾಗಿ ಬರೆದು ಎತ್ತಿ ಹಿಡಿದಳು.

"ಈಗ ಕಾಣ್ತದ," ಎಂದರು ಮೇಷ್ಟ್ರು. "ಆದ್ರ ಲೆಕ್ಕ ಮಾಡಿದ್ದು ಎಲ್ಲೈತಿ? ಯಾರದೋ ನೋಡಿ ಬರದಾಳ. ನಪಾಸು."

ಜಗಲಿಯ ಮೇಲೆ ಅವಳ ತರಗತಿಯವರು ಬೇರೆ ಯಾರೂ ಇರಲಿಲ್ಲ.

ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದವನು ನಾನು. ಅಂದು ಅಕ್ಕನ ಮಗನ ಕೈ ಹಿಡಿದು ಮನೆಗೆ ನಡೆದೆ. ಹುಲಿಗೆವ್ವ ಮತ್ತೆ ಶಾಲೆಗೆ ಬರಲಿಲ್ಲ. ಆ ಕೇರಿಯ ಮಕ್ಕಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲವೆಂದು ಯಾರಾದರೂ ಹೇಳಿದರೆ ಈಗ ನಾನು ಕೇಳುವುದು ಒಂದೇ: ಎಷ್ಟು ದೂರದಿಂದ ನೋಡಿದಿರಿ?