ಜೇಡ ಬಿಡಿಸುವ ನಮಿತಾ

ಮೀಂಜದ ನಮಿತಾ ಮನೆಮನೆಗೆ ಹೋಗಿ ಜೇಡಗಳ ಕಾಟ ನಿವಾರಿಸುವ ಕೆಲಸ ಮಾಡುತ್ತಾಳೆ. ಬಾಯಾರಿನ ವಸುಮತಿ ಟೀಚರ ಮನೆಯಲ್ಲಿ ಬೇರೆಯವರು ಎರಡು ಸಲ ಔಷಧಿ ಹೊಡೆದು ಹೋಗಿದ್ದರೂ ಬಲೆಗಳು ಮತ್ತೆ ಕಟ್ಟಿದ್ದವು.

“ಈ ಸಲ ಜೋರಿನದ್ದೇ ಹೊಡಿ ಮಾರಾಯ್ತಿ,” ಎಂದರು ಟೀಚರ್.

“ಇಲ್ಲ ಟೀಚರ್. ಒಳಗೆ ಮೊಟ್ಟೆ ಉಂಟಲ್ಲ, ಅದನ್ನು ತೆಗೆಯದೆ ಎಂತ ಹೊಡೆದರೂ ಅಷ್ಟೇ.”

ನಮಿತಾ ಏಣಿ ಹತ್ತಿ, ಸಂದಿಗಳಲ್ಲಿದ್ದ ಹತ್ತಿಯುಂಡೆಯಂಥ ಮೊಟ್ಟೆಚೀಲಗಳನ್ನು ಒಂದೊಂದಾಗಿ ಕೆರೆದು ತೆಗೆದಳು. ಕಿಟಕಿಯ ಬಿರುಕು ಮುಚ್ಚಿದಳು. ಹುಳಗಳನ್ನು ಸೆಳೆಯುತ್ತಿದ್ದ ಜಗಲಿಯ ಬಿಳಿ ಬಲ್ಬು ಬಿಚ್ಚಿ ಹಳದಿಯದ್ದು ಹಾಕಿದಳು.

ತಿಂಗಳ ಬಳಿಕ ಯಾರೂ ಕರೆಯದೆಯೇ ನೋಡಲು ಬಂದಳು. ಅಡುಗೆಮನೆಯ ಮೂಲೆಯಲ್ಲಿ ಒಂದೇ ಒಂದು ಬಲೆ ಇತ್ತು.

“ಒಂದಲ್ವಾ, ಇರಲಿ ಬಿಡು,” ಎಂದರು ಟೀಚರ್.

“ಬಿಟ್ಟರೆ ನಾಳೆ ನೂರು ಮರಿ,” ಎನ್ನುತ್ತ ನಮಿತಾ ಕುರ್ಚಿ ಹತ್ತಿದಳು.