ಮೊಳೆಗೆ ತೂಗಿದ ಡಬ್ಬಿ

ನಮ್ಮ ಭಾವ ಮೋಟರ್‌ಸೈಕಲ್ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಅದೇ ಶೆಡ್ಡು, ಅದೇ ಸ್ಟೂಲು, ಅದೇ ಜಂಬ. ಪಕ್ಕದ ಟೈಲರ್ ಅಂಗಡಿ ನನ್ನದು. ನಡುವೆ ಇರುವುದು ಬರೀ ತಗಡಿನ ಗೋಡೆಯಾದ್ದರಿಂದ ಅವರ ಬಗ್ಗೆ ನಾನು ಹೇಳುವುದೆಲ್ಲ ಕಿವಿಯಾರೆ ಕೇಳಿದ್ದೇ.

ಅವರ ಶೆಡ್ಡಿನ ಒಂದು ಗೋಡೆಯ ತುಂಬ ಮೊಳೆಗಳಿವೆ. ಗಾಡಿಯಿಂದ ಕಳಚಿದ ಹಾಳು ಸಾಮಾನನ್ನು ಭಾವ ಎಸೆಯುವುದಿಲ್ಲ. ಮೊಳೆಗೆ ತೂಗುಹಾಕಿ ರಟ್ಟಿನ ಚೀಟಿಯೊಂದನ್ನು ಕಟ್ಟುತ್ತಾರೆ. ಹಾಳು ಮಾಡಿದವರ ಕಸುಬು ಯಾವುದು, ಮಾಡಿದ ಪಾಪ ಏನು ಎಂಬುದೆಲ್ಲ ಅದರಲ್ಲಿರುತ್ತದೆ. "ಬೇಕರಿಯವರು: ಚೈನಿಗೆ ಎಣ್ಣೆ ತೋರಿಸಲೇ ಇಲ್ಲ." "ಡ್ರಾಯಿಂಗ್ ಮೇಷ್ಟ್ರು: ಬ್ರೇಕ್ ತುಳಿದುಕೊಂಡೇ ಓಡಿಸಿದ್ದು." ಬಂದವರು ಮೊದಲು ಗೋಡೆ ಓದಿ, ತಮ್ಮ ಹೆಸರಿಲ್ಲವೆಂದು ಖಾತ್ರಿ ಮಾಡಿಕೊಂಡೇ ಮಾತಿಗೆ ನಿಲ್ಲುವುದು. ಅಕ್ಷರಗಳು ಬೆರಳುದ್ದ ಇರುತ್ತವೆ. ಭಾವ ಕನ್ನಡಕ ಹಾಕಿಕೊಳ್ಳಲು ಒಪ್ಪುವುದಿಲ್ಲ, ಸಣ್ಣದಾಗಿ ಬರೆದರೆ ಅವರಿಗೇ ಕಾಣುವುದಿಲ್ಲ. ಕೇಳಿದರೆ "ನನ್ನ ಕಣ್ಣು ಬೆರಳ ತುದೀಲಿದೆ ಕಣಯ್ಯಾ" ಎನ್ನುತ್ತಾರೆ. ಆ ಗೋಡೆಯಲ್ಲಿ ಊರವರೆಲ್ಲರ ಚೀಟಿಯೂ ಇತ್ತು, ಅವರದೊಂದನ್ನು ಬಿಟ್ಟು.

ನಮ್ಮಕ್ಕ, ಅಂದರೆ ಅವರ ಹೆಂಡತಿ, ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ, ಇಂಜೆಕ್ಷನ್ ಕೊಡುವ ನರ್ಸ್. ನಲವತ್ತೈದನೇ ವಯಸ್ಸಿನಲ್ಲಿ ಮೋಟರ್‌ಸೈಕಲ್ ಕಲಿತಳು. ಕಲಿಸಿದವರು ಭಾವ. ಅಷ್ಟಾದರೂ ಕಲಿತಳು ಎಂಬುದು ಅವಳ ಹೆಚ್ಚುಗಾರಿಕೆ. ಅಂದಿನಿಂದ ಏರಿನ ಮೇಲಿನ ಬೀದಿಯ ಒಂಬತ್ತು ಮನೆಗಳು ಅವಳ ಪಾಲಿಗೆ ಬಂದಿದ್ದವು. ಆ ಏರನ್ನು ಬಸ್ಸು ಹತ್ತುವುದಿಲ್ಲ.

ಹೋದ ಶುಕ್ರವಾರ ಅವಳ ಗಾಡಿಯೂ ಹತ್ತಲಿಲ್ಲ. ಬೆವರು ಸುರಿಸುತ್ತ ತಳ್ಳಿಕೊಂಡು ಬಂದಳು.

"ರೀ, ಎಕ್ಸಲರೇಟರ್ ಕೊಟ್ರೆ ಇಂಜಿನ್ ಕೂಗಾಡತ್ತೆ. ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ."

"ಕ್ಲಚ್ ಸ್ಲಿಪ್ ಆಗ್ತಿದೆ" ಎಂದರು ಭಾವ, ಗಾಡಿಯ ಕಡೆ ನೋಡದೆಯೇ. "ಬೆರಳು ಎಲ್ಲಿಟ್ಕೊಂಡು ಓಡಿಸ್ತೀಯ?"

"ಹ್ಯಾಂಡಲ್ ಮೇಲೆ."

"ಕ್ಲಚ್ ಮೇಲೆ. ನಂಗೊತ್ತು. ಹೆದರೋರ ಬೆರಳು ಅಲ್ಲೇ ಇರೋದು. ಅರ್ಧ ಕ್ಲಚ್ ಒತ್ಕೊಂಡೇ ಏರು ಹತ್ತಿದ್ರೆ ಪ್ಲೇಟ್ ಸವೀದೇ ಇರತ್ತಾ?"

ಅಕ್ಕ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕೀಯನ್ನು ಸ್ಟೂಲಿನ ಮೇಲಿಟ್ಟಳು. "ಹಾಗಾದ್ರೆ ಇದು ನನ್ನ ಕೈಯಲ್ಲಾಗೋ ಕೆಲಸ ಅಲ್ಲ. ಏರಿನ ಮನೆಗಳಿಗೆ ಬೇರೆಯವರನ್ನ ಹಾಕಿ ಅಂತ ಸೋಮವಾರ ಆಫೀಸಲ್ಲಿ ಹೇಳ್ಬಿಡ್ತೀನಿ" ಎಂದು ನಡೆದೇ ಹೋದಳು.

ಭಾವ ಗಾಡಿ ಬಿಚ್ಚುವ ಮೊದಲೇ ಚೀಟಿ ಬರೆದರು: "ಮನೆಯವಳು: ಬೆರಳು." ಕೂಸು ಹುಟ್ಟುವ ಮುಂಚೆ ಕುಲಾವಿ! ಕುಲಾವಿ ಹೊಲಿಯುವ ಕಸುಬಿನವನಾದ ನಾನೇ ಅಷ್ಟು ಅವಸರ ಮಾಡುವುದಿಲ್ಲ.

ಮರುದಿನ ಮೊದಲು ಕೇಬಲ್ ನೋಡಿದರು. ಅದು ಅತಿ ಬಿಗಿಯಾದರೆ ಕೂಡ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತದಂತೆ. ಲಿವರ್ ತುದಿ ಒಂದು ಬೆರಳಿನಷ್ಟು ಸಡಿಲವಾಗಿ ಆಡಬೇಕು. ಆಡಿತು. ಆಮೇಲೆ ನನ್ನನ್ನು ಕರೆದರು. "ಹಿಂದೆ ಕೂತ್ಕೋ. ಟೆಸ್ಟಿಗೆ ಭಾರ ಬೇಕು, ನಿನಗಿಂತ ಭಾರ ಎಲ್ಲಿ ಸಿಗತ್ತೆ?" ಏರಿನ ಬುಡದಲ್ಲೇ ಇಂಜಿನ್ ಬೊಬ್ಬೆ ಹಾಕಿತು. ಕೋಲೂರಿಕೊಂಡು ಹೋಗುತ್ತಿದ್ದ ತಾತನೊಬ್ಬರು ನಮ್ಮನ್ನು ಹಿಂದೆ ಹಾಕಿ, ತಿರುಗಿಯೂ ನೋಡದೆ ಹೋದರು. ಭಾವನ ಬೆರಳು ಒಂದೂ ಕ್ಲಚ್ ಮೇಲಿರಲಿಲ್ಲ.

"ಬೆರಳು, ಭಾವ?" ಎಂದೆ.

"ಪ್ಲೇಟ್ ಆಗ್ಲೇ ಸವೆದುಹೋಗಿದೆ ಕಣೋ" ಎಂದರು.

ಎಣ್ಣೆಯನ್ನು ತಟ್ಟೆಗಿಳಿಸಿ, ಪಕ್ಕದ ಕವರ್ ಬಿಚ್ಚಿ, ಪ್ಲೇಟುಗಳನ್ನು ಒಂದೊಂದಾಗಿ ತೆಗೆದರು. ದಪ್ಪ ಅಳೆದರು. ಹೊಸದರಷ್ಟೇ ಇತ್ತು. ಸ್ಪ್ರಿಂಗುಗಳು ನಾಲ್ಕೂ ಒಂದೇ ಉದ್ದ. ಸ್ಟೀಲ್ ಪ್ಲೇಟ್ ಡೊಂಕಾಗಿದೆಯೇ ನೋಡಲು ಸಮತಟ್ಟಾದ ಗಾಜು ಬೇಕೆಂದು ನನ್ನ ಅಂಗಡಿಯ ಕನ್ನಡಿಯನ್ನೇ ಮಲಗಿಸಿ ಜಿಡ್ಡು ಮಾಡಿದರು. ಡೊಂಕೂ ಇಲ್ಲ. ಕೊನೆಗೆ ತಟ್ಟೆಯ ಎಣ್ಣೆಯಲ್ಲಿ ಬೆರಳದ್ದಿ ಉಜ್ಜಿ ನೋಡಿದರು.

"ಇದು ತೆಳು. ನಮ್ಮ ಎಣ್ಣೆ ಅಲ್ಲ ಇದು."

ಶೆಲ್ಫಿನಲ್ಲಿ ಒಂದೇ ಬಣ್ಣದ ಎರಡು ಡಬ್ಬಿಗಳಿದ್ದವು. ಖಾಲಿಯಾಗಿದ್ದ ಡಬ್ಬಿಯನ್ನು ನಾನು ಕನ್ನಡಕ ಹಾಕಿಕೊಂಡು ಓದಿದೆ: "ಕಾರುಗಳಿಗೆ ಮಾತ್ರ." ಟ್ಯಾಕ್ಸಿಯವರು ಯಾವಾಗಲೋ ಇಟ್ಟು ಮರೆತದ್ದು. ಕಾರಿನ ಕ್ಲಚ್ ಇಂಜಿನ್ನಿನ ಎಣ್ಣೆಗೆ ತಾಗದೆ ಹೊರಗಿರುತ್ತದೆ, ಮೋಟರ್‌ಸೈಕಲ್ಲಿನದು ಎಣ್ಣೆಯೊಳಗೇ ಮುಳುಗಿರುತ್ತದೆ. ಆ ಜಾರುಗುಣದ ಎಣ್ಣೆ ಸೇರಿದರೆ ಪ್ಲೇಟುಗಳು ಒಂದನ್ನೊಂದು ಹಿಡಿಯುವುದು ಹೇಗೆ? ಹದಿನೈದು ದಿನದ ಹಿಂದೆ ಅದನ್ನು ಸುರಿದವರು ನಮ್ಮ ಭಾವನೇ. ಡಬ್ಬಿಯ ಬಣ್ಣ ನೋಡಿದ್ದರು, ಅಕ್ಷರ ನೋಡಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವುದು ಎಂದರೆ ಇದೇ.

"ಜೋರಾಗಿ ಓದ್ಬೇಡ್ವೋ" ಎಂದರು. ಮುಖ ಇಂಗು ತಿಂದ ಮಂಗನಂತಾಗಿತ್ತು. ಆಮೇಲೆ, "ಪ್ಲೇಟ್ ಸವೆದಿತ್ತು, ಹೊಸದು ಹಾಕ್ದೆ ಅಂತ ಹೇಳಿದ್ರೆ ಯಾರಿಗೇನು ನಷ್ಟ?" ಎಂದರು.

ನನಗೆ ನಿಜವಾಗಿ ಸಿಟ್ಟು ಬಂತು. "ಹೇಳಿ. ಗಾಡಿ ಸರಿಹೋಗತ್ತೆ. ಅಕ್ಕ ಅದನ್ನ ಮತ್ತೆ ಮುಟ್ಟಲ್ಲ, ಅಷ್ಟೇ."

ಭಾವ ಕೆಲಸಕ್ಕಿಳಿದರು. ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ತೊಳೆದರು, ಸ್ಟೀಲಿನವನ್ನು ಎಮರಿ ಕಾಗದದಿಂದ ಉಜ್ಜಿದರು, ಸರಿಯಾದ ಎಣ್ಣೆಯಲ್ಲಿ ನೆನೆಹಾಕಿ ಜೋಡಿಸಿದರು. ಹೊಸ ಎಣ್ಣೆ ಹಾಕಿ ಓಡಿಸಿ, ಹಳೆಯದರ ಪಸೆಯೂ ಹೋಗಲೆಂದು ಅದನ್ನೂ ಇಳಿಸಿ ಮತ್ತೆ ತುಂಬಿದರು. ಭಾನುವಾರ ನನ್ನ ಭಾರವನ್ನೂ ಹೊತ್ತು ಗಾಡಿ ಏರು ಹತ್ತಿತು. ಆ ತಾತ ಸಿಗಲಿಲ್ಲ ಎಂಬುದೊಂದೇ ಬೇಜಾರು.

ಸೋಮವಾರ ಬೆಳಿಗ್ಗೆ ಅಕ್ಕ ಚೀಲ ಹೆಗಲಿಗೇರಿಸಿಕೊಂಡು ನಡೆದೇ ಆಫೀಸಿಗೆ ಹೊರಟಿದ್ದಳು. ಶೆಡ್ಡಿನ ಮುಂದೆ ಬಂದವಳು ನಿಂತಳು. ಮನೆಯವಳ ಚೀಟಿ ಮಾಯವಾಗಿ, ಗೋಡೆಯ ಮೂಲೆಯ ಮೊಳೆಯಲ್ಲಿ ಒಂದು ಖಾಲಿ ಡಬ್ಬಿ ತೂಗುತ್ತಿತ್ತು. ಅದಕ್ಕೆ ಕಟ್ಟಿದ ಚೀಟಿಗೆ ಮೂಗು ತಾಗುವಷ್ಟು ಬಗ್ಗಿ ಓದಿದಳು: "ಮೆಕ್ಯಾನಿಕ್: ಓದದೆ ಕಾರಿನ ಎಣ್ಣೆ ಸುರಿದದ್ದು."

"ಇದೇನ್ರೀ ಇಷ್ಟು ಸಣ್ಣಕ್ಷರ? ಬೇಕರಿಯವರದ್ದು ರಸ್ತೆಗೇ ಕಾಣತ್ತಲ್ಲ!"

ಭಾವ ಎದ್ದರು. ದೊಡ್ಡ ರಟ್ಟು ಹುಡುಕಿದರು. ನನ್ನ ಬಳಿ ಬಂದು ಕೈಚಾಚಿ ಕನ್ನಡಕ ಇಸಿದುಕೊಂಡರು. ಬೆರಳುದ್ದದ ಅಕ್ಷರಗಳಲ್ಲಿ ಮತ್ತೆ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಮನೆಯವಳ ಬೆರಳು ಸರಿಯಾಗಿಯೇ ಇತ್ತು."

ಅವರು ದಾರ ಬಿಗಿಯುವವರೆಗೆ ಅಕ್ಕ ಕಾದಳು. ಆಮೇಲೆ ಶುಕ್ರವಾರ ತಾನು ಬಿಟ್ಟುಹೋಗಿದ್ದ ಕೀಯನ್ನು ಸ್ಟೂಲಿನ ಮೇಲಿಂದ ಎತ್ತಿಕೊಂಡಳು. "ಹೊತ್ತಾಯ್ತು. ಒಂಬತ್ತು ಮನೆ ಇದೆ."

ಗಾಡಿಯ ಸದ್ದು ಏರಿನುದ್ದಕ್ಕೂ ಒಂದೇ ಸಮ ಕೇಳಿಸಿತು, ಎಲ್ಲಿಯೂ ಕೂಗಾಡಲಿಲ್ಲ. ಅದು ಮೇಲಿನ ಬೀದಿ ಸೇರುವವರೆಗೂ ಭಾವ ನನ್ನ ಕನ್ನಡಕ ವಾಪಸ್ ಕೊಡಲಿಲ್ಲ.